ಅತ್ತೆ ನೋಡುವ ಶಾಸ್ತ್ರ

ನಾನು ಹುಯ್ದ ದೋಸೆ ಎಂದೂ ದುಂಡಗಾದದ್ದಿಲ್ಲ. ಕಾವಲಿಯ ಮೇಲೆ ಹಿಟ್ಟು ಹರಡಿಕೊಳ್ಳುವಾಗ ಅದು ತನ್ನಷ್ಟಕ್ಕೆ ತಾನೇ ಯಾವುದೋ ತಾಲ್ಲೂಕಿನ ಗಡಿಯನ್ನು ಹುಡುಕಿಕೊಂಡು ಹೊರಡುತ್ತದೆ. ಒಂದು ದಿನ ಪಾಂಡವಪುರದಂತೆ ಕಂಡರೆ ಇನ್ನೊಂದು ದಿನ ನಾಗಮಂಗಲದ ಹಾಗೆ ಬಡಗಣಕ್ಕೆ ಮೂತಿ ಚಾಚಿರುತ್ತದೆ. ಮನೆಯವರು ನಗುತ್ತಾರೆ, ನಗಲಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ಕಲಿಸಿ ಪಳಗಿದ ಕೈ ನಕ್ಷೆಯನ್ನಲ್ಲದೆ ಬೇರೇನನ್ನು ತಾನೇ ಬರೆದೀತು? ಆದರೆ ಈ ಕೈ ಬರೆದ ನಕ್ಷೆಗಳಲ್ಲಿ ಒಂದು ನನ್ನ ಮದುವೆಯನ್ನೇ ನಿಲ್ಲಿಸಲು ಹೊರಟಿತ್ತು ಎಂದರೆ ನೀವು ನಂಬುವುದು ಕಷ್ಟ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅದು ಎಪ್ಪತ್ತರ ದಶಕದ ನಡುಭಾಗ. ನಮ್ಮದು ಮದ್ದೂರಿನ ಬಳಿ, ಶಿವಪುರದಿಂದ ಆಚೆಗಿರುವ ಹಳ್ಳಿ. ಅಪ್ಪ ಕಬ್ಬು ಭತ್ತ ಬೆಳೆಯುವ ಗೌಡರು. ಮಗಳು ಓದುತ್ತೇನೆಂದಾಗ ತಡೆಯದೆ, ಓದಿ ಮುಗಿಸಿದ ಮೇಲೆ ಮಂಡ್ಯದಲ್ಲಿ ಟೀಚರಾಗುತ್ತೇನೆಂದಾಗಲೂ ತಡೆಯದೆ, ಊರವರ ಮುಂದೆ ಮಾತ್ರ ‘ಏನ್ಮಾಡದು, ಅಟ ಇಡ್ದವ್ಳೆ’ ಎಂದು ಹುಸಿಬೇಸರ ತೋರಿಸುತ್ತಿದ್ದ ಮನುಷ್ಯ. ಮದ್ದೂರಿನಿಂದ ಮಂಡ್ಯಕ್ಕೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಶಾಲೆಯ ಗೋಡೆಗಳ ಮೇಲೆಲ್ಲ ನಾನು ಬರೆದ ನಕ್ಷೆಗಳು ತೂಗುತ್ತಿದ್ದವು: ಮಳೆಯದು, ಮಣ್ಣಿನದು, ಬೆಳೆಯದು.

ಒಮ್ಮೆ ಶಾಲೆಯ ಮಕ್ಕಳ ಹಲ್ಲು ನೋಡಲು ವಿಮಲಾ ಎಂಬ ಡಾಕ್ಟರು ಬಂದರು. ಪುರೋಹಿತರ ಮನೆತನದಲ್ಲಿ ಹುಟ್ಟಿ, ಹಠಹಿಡಿದು ಹಲ್ಲಿನ ವೈದ್ಯಕ್ಕೆ ಓದಿ, ಮಂಡ್ಯದಲ್ಲೇ ಕೆಲಸಕ್ಕಿದ್ದವರು. ನನಗಿಂತ ಸಾಕಷ್ಟು ಹಿರಿಯರು. ಮಕ್ಕಳ ಬಾಯಿ ನೋಡಿ ಮುಗಿದ ಮೇಲೆ ಅವರು ನನ್ನ ಕಬ್ಬಿನ ನಕ್ಷೆಯ ಮುಂದೆ ಬಹಳ ಹೊತ್ತು ನಿಂತರು. ಕಬ್ಬು ಹೆಚ್ಚು ಬೆಳೆಯುವ ಕಡೆ ಗೆರೆಗಳನ್ನು ಒತ್ತಾಗಿ ಎಳೆದು ಕಪ್ಪು ಮಾಡಿದ್ದೆ, ಕಡಿಮೆ ಇರುವ ಕಡೆ ತೆಳುವಾಗಿ ಬಿಟ್ಟಿದ್ದೆ.

“ಹೀಗೇ ಇನ್ನೊಂದು ನಕ್ಷೆ ಬರೆದುಕೊಡ್ತೀರಾ?” ಎಂದು ಕೇಳಿದರು. “ಬೆಳೆಯದ್ದಲ್ಲ. ಬಾಯಿಯ ಕ್ಯಾನ್ಸರಿನಿಂದ ಸತ್ತವರದ್ದು.”

ಅವರೇ ವಿವರಿಸಿದರು. ಹಲ್ಲು ಕೀಳಿಸಲು ಬಂದವರ ಬಾಯಲ್ಲಿ ಎಷ್ಟೋ ಸಲ ಹುಣ್ಣು ಕಾಣುತ್ತಿತ್ತಂತೆ. ಕಾಣುವ ಹೊತ್ತಿಗೆ ತಡವಾಗಿರುತ್ತಿತ್ತಂತೆ. ಅಂಥವರು ತೀರಿಕೊಂಡ ಸುದ್ದಿ ಬಂದಾಗಲೆಲ್ಲ ಅವರು ಯಾವ ಊರಿನವರು, ಬಾಯಲ್ಲಿ ಏನನ್ನು ಇಟ್ಟುಕೊಳ್ಳುತ್ತಿದ್ದರು ಎಂದು ಮನೆಯವರನ್ನು ಕೇಳುತ್ತ ಬಂದಿದ್ದರು. ದೂರದ ಒಂದು ದೊಡ್ಡ ದೇಶದಲ್ಲಿ ಸಾವುಗಳನ್ನು ಸೀಮೆಸೀಮೆಯಾಗಿ ನಕ್ಷೆಗೆ ಇಳಿಸಿದ್ದಾರೆಂದು ಯಾವುದೋ ವೈದ್ಯಪತ್ರಿಕೆಯಲ್ಲಿ ಓದಿದ ಮೇಲಂತೂ ಅವರಿಗೆ ನಿದ್ದೆ ಬಂದಿರಲಿಲ್ಲ.

ಹೀಗೆ ಭಾನುವಾರಗಳಲ್ಲಿ ನಾನು ಅವರ ಮನೆಗೆ ಹೋಗತೊಡಗಿದೆ. ಮೊದಲು ಬರೆದದ್ದು ಇಡೀ ದೇಶದ ನಕ್ಷೆ. ಅವರು ಅಲ್ಲಲ್ಲಿನ ವೈದ್ಯಮಿತ್ರರಿಂದ ಕೇಳಿ ತಿಳಿದದ್ದನ್ನು ಹೇಳುತ್ತಿದ್ದರು, ನಾನು ಗೆರೆ ಎಳೆಯುತ್ತಿದ್ದೆ. ಮೂಡಲ ಕಡಲ ಕರೆಯ ಕೆಲವು ಹಳ್ಳಿಗಳಲ್ಲಿ ಹೆಂಗಸರು ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಾರಂತೆ. ಅಲ್ಲಿ ಅಂಗುಳಲ್ಲಿ ಹುಣ್ಣು. ಬಡಗಣ ಸೀಮೆಯಲ್ಲಿ ಹೊಗೆಸೊಪ್ಪನ್ನು ಸುಣ್ಣದ ಜೊತೆ ಅಂಗೈಯಲ್ಲಿ ಉಜ್ಜಿ ಕೆಳತುಟಿಯೊಳಗೆ ಇಡುತ್ತಾರಂತೆ. ಅಲ್ಲಿ ಹುಣ್ಣು ತುಟಿಯ ಬದಿಗೆ. ನಮ್ಮ ಕಡೆ ಎಲೆಅಡಿಕೆಯೊಡನೆ ಹೊಗೆಸೊಪ್ಪು ಸೇರಿಸಿ ದವಡೆಗೆ ಒತ್ತರಿಸಿಕೊಳ್ಳುವವರಿಗೆ ಕೆನ್ನೆಯೊಳಗೆ. ಒಂದೇ ದೇಶ, ಒಂದೇ ಎಲೆ, ಆದರೆ ಜನ ಅದನ್ನು ಎಲ್ಲಿ ಇಟ್ಟುಕೊಂಡರೋ ಸಾವು ಅಲ್ಲಿಗೇ ಬಂದು ಕೂತಿತ್ತು. ಬರೆಯುತ್ತ ಬರೆಯುತ್ತ ನನಗೊಂದು ವಿಚಿತ್ರ ಸಂಕಟವಾಗುತ್ತಿತ್ತು. ಕಬ್ಬಿನ ನಕ್ಷೆಯಲ್ಲಿ ಕಪ್ಪು ಎಂದರೆ ಸಮೃದ್ಧಿ. ಇಲ್ಲಿ ಕಪ್ಪು ಎಂದರೆ ದುಃಖ. ಲೇಖನಿ ಅದೇ, ಮಸಿ ಅದೇ, ಕೈಯೂ ಅದೇ. ಕೈಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಗೆರೆಗಳು ಒಪ್ಪವಾಗಿ ಬಿದ್ದಾಗ ಅದು ಎಂದಿನಂತೆ ಸಂತೋಷಪಡುತ್ತಿತ್ತು, ನಾನು ನಾಚಿ ಅದನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದೆ.

ಆಮೇಲೆ ನಮ್ಮ ಜಿಲ್ಲೆಯದು. ತಾಲ್ಲೂಕು, ಹೋಬಳಿ ಎಂದು ಬಿಡಿಸಿ, ಡಾಕ್ಟರು ಹೆಸರಿಸಿದ ಊರುಗಳನ್ನು ಗುರುತಿಸಿ, ಗೆರೆ ತುಂಬುತ್ತ ಹೋದೆ. ಬಸರಾಳಿನ ಕಡೆ ತೆಳು, ಮಂಡ್ಯದ ಸುತ್ತ ನಡುತರ, ಮದ್ದೂರಿನ ಬಳಿ ಬಹುಪಾಲು ಬಿಳಿ. ತೆಂಕಣ ಮೂಲೆಯ ಮಳವಳ್ಳಿಗೆ ಬಂದಾಗ ಮಸಿ ಒಣಗಲು ಬಿಡುವೇ ಸಿಗಲಿಲ್ಲ. ಪಟ್ಟಣದಾಚೆಯ ಒಂದಷ್ಟು ಹಳ್ಳಿಗಳು ಅಂಟಿಕೊಂಡು ಒಂದೇ ಕಪ್ಪು ಮಚ್ಚೆಯಾದವು.

ಆ ಮಚ್ಚೆಯ ನಡುವಿನ ಒಂದು ಊರಿಗೆ ನನ್ನನ್ನು ಕೊಡುವುದೆಂದು ಮಾತಾಗಿತ್ತು.

ಹುಡುಗನ ಹೆಸರು ಶಿವಣ್ಣ. ಶಿಂಷಾದ ವಿದ್ಯುದಾಗಾರದಲ್ಲಿ ಕೆಲಸ. ತಂದೆ ಇಲ್ಲ, ತಾಯಿ ಕೆಂಪಮ್ಮ ಒಬ್ಬರೇ ಬೇಸಾಯ ನೋಡಿಕೊಂಡು ಮಗನನ್ನು ಓದಿಸಿದವರು. ತಾಯಿ ಮಗ ಇಬ್ಬರೂ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ, ಹಾಡು ಬರುತ್ತದೆಯೇ ಎಂದು ಯಾರೋ ಕೇಳಿದ್ದಕ್ಕೆ ಆತ ‘ಹಾಡು ಬೇಡ’ ಎಂದು ತಡೆದು, ನನ್ನ ಕಡೆ ನೋಡಿ, “ನಿಮ್ಮೂರ ಪಕ್ಕ ಹರಿಯೋ ಶಿಂಷೆ ನೀರೇ ನಮ್ಮಲ್ಲಿಗೆ ಬಂದು ಕರೆಂಟಾಗೋದು, ಗೊತ್ತಾ?” ಎಂದು ಕೇಳಿದ್ದ. ಭೂಗೋಳದ ಟೀಚರಿಗೆ ಇದಕ್ಕಿಂತ ಹಿತವಾದ ಮಾತನ್ನು ಯಾರೂ ಆಡಲಾರರು. ಗೊತ್ತು ಎಂದೆ. ಅಷ್ಟೇ ನಮ್ಮ ಸಂಭಾಷಣೆ, ಮತ್ತು ನನಗೆ ಅಷ್ಟೇ ಸಾಕಾಗಿತ್ತು. ವೀಳ್ಯಶಾಸ್ತ್ರಕ್ಕೆ ದಿನ ನೋಡುವುದೊಂದು ಬಾಕಿ ಇತ್ತು.

ಕೊನೆಯ ತಿದ್ದುಪಡಿಗೆಂದು ಜಿಲ್ಲೆಯ ನಕ್ಷೆಯನ್ನು ಮನೆಗೆ ತಂದಿದ್ದೆ. ನಡುಮನೆಯಲ್ಲಿ ಹಾಸಿ ಕೂತಿದ್ದಾಗ ಅಪ್ಪ ಗದ್ದೆಯಿಂದ ಬಂದು ಬಗ್ಗಿ ನೋಡಿದರು. ನಕ್ಷೆ ಓದುವುದನ್ನು ನಾನೇ ಅವರಿಗೆ ಕಲಿಸಿದ್ದೆ. ಏನಿದು ಎಂದರು, ಹೇಳಿದೆ. ಅವರ ಬೆರಳು ಮದ್ದೂರಿನ ಬಿಳುಪಿನಿಂದ ಕೆಳಗಿಳಿದು ಮಳವಳ್ಳಿಯ ಕಪ್ಪಿನ ಮೇಲೆ ನಿಂತಿತು.

“ಇದು ಸಿವಣ್ಣನ ಊರಲ್ವಾ?”

“ಹೂಂ ಅಪ್ಪ.”

ಅವರು ಎದ್ದು ಹೊರಗೆ ಹೋಗಿ ಕೈಕಾಲು ತೊಳೆದು ಬಂದು, ಊಟಕ್ಕೂ ಕೂರದೆ ಅಮ್ಮನಿಗೆ ಹೇಳಿದರು: “ಆ ಸಂಬಂಧ ಬ್ಯಾಡ ಕಣಮ್ಮಿ. ಏಳಿ ಕಳಿಸ್ಬುಡು.”

ಅಮ್ಮ ಸೌಟು ಹಿಡಿದುಕೊಂಡೇ ನಿಂತರು. ನಾನು, ಅದು ಊರಿನ ರೋಗವಲ್ಲ, ಊರಿಗೆ ರೋಗ ಬರುವುದಿಲ್ಲ ಎಂದು ಏನೇನೋ ಹೇಳಿದೆ.

“ನೀನೇ ಬರ್ದಿದೀಯಲ್ಲ ಮಗ, ಕಪ್ಪಗೆ. ಆ ನೀರಲ್ಲೇ ಏನೋ ಅದೆ.”

“ನೀರು ನಮ್ಮೂರಿಂದಲೇ ಹೋಗೋದು ಅಪ್ಪ. ಶಿಂಷೆ ಮೊದಲು ನಮ್ಮನ್ನ ದಾಟ್ಕೊಂಡೇ ಅಲ್ಲಿಗೆ ಹೋಗ್ತಾಳೆ.”

“ಇಲ್ಲಿಂದ ಓಗೋವಾಗ ಸರಿಯಾಗೇ ಇರ್ತಾಳೆ,” ಎಂದರು ಅಪ್ಪ.

ಈಗ ನೆನೆದರೆ ನಗು ಬರುತ್ತದೆ, ಆಗ ಬರಲಿಲ್ಲ. ಅಪ್ಪನದು ಕೆಡುಕಿನ ಮಾತಲ್ಲ. ಮಗಳನ್ನು ಕಪ್ಪಿನೊಳಕ್ಕೆ ಕಳಿಸಲು ಯಾವ ತಂದೆಗೆ ಮನಸ್ಸು ಬರುತ್ತದೆ? ನಕ್ಷೆಗೆ ಒಂದು ಅಧಿಕಾರ ಇದೆ. ಬಾಯಲ್ಲಿ ಹೇಳಿದರೆ ಹತ್ತು ಜನ ಹತ್ತು ಥರ ವಾದಿಸುವ ಸಂಗತಿ, ಕಾಗದದ ಮೇಲೆ ಗಡಿ ಎಳೆದುಕೊಂಡು ಕೂತರೆ ವಾದಕ್ಕೆ ಎಡೆಯನ್ನೇ ಕೊಡುವುದಿಲ್ಲ.

ಮಾರನೆಯ ದಿನ ಶಾಲೆ ಬಿಟ್ಟ ಕೂಡಲೇ ಡಾಕ್ಟರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೇಸರದಿಂದ ಹಣೆ ಒತ್ತಿಕೊಂಡರು.

“ಕಪ್ಪಿರೋದು ಊರಲ್ಲ ರತ್ನ, ಅಭ್ಯಾಸ. ಆ ಹಳ್ಳಿಗಳಲ್ಲಿ ಹೆಂಗಸರು ಮಲಗೋವಾಗ ಹೊಗೆಸೊಪ್ಪನ್ನ ದವಡೆಗೆ ಇಟ್ಕೊಂಡೇ ಮಲಗ್ತಾರೆ. ಬೆಳಗಾಗೋ ತನಕ ಅದು ಅಲ್ಲೇ ಕೂತಿರುತ್ತೆ. ಅಭ್ಯಾಸ ಬಿಟ್ಟರೆ ಊರು ಬೆಳ್ಳಗಾಗುತ್ತೆ. ಇನ್ನು ನಿಮ್ಮೂರು ಬಿಳಿ ಇದೆ ಅಂತ ನಿಮ್ಮ ತಂದೆ ಹಿಗ್ಗೋದು ಬೇಡ. ಬಿಳಿ ಅಂದರೆ ರೋಗ ಇಲ್ಲ ಅಂತಲೂ ಇರಬಹುದು, ಅಲ್ಲಿಂದ ಯಾರೂ ನನ್ನ ಹತ್ತಿರ ಬಂದಿಲ್ಲ ಅಂತಲೂ ಇರಬಹುದು.”

ಆಮೇಲೆ ಸುಮ್ಮನೆ ಎಂಬಂತೆ, ಹುಡುಗನ ತಾಯಿ ಹೇಗಿದ್ದಾರೆ ಎಂದು ಕೇಳಿದರು. ಹೇಳುತ್ತ ಹೋದೆ: ಒಳ್ಳೆಯವರು, ಮಾತು ಕಡಿಮೆ, ಸೆರಗನ್ನು ಕೆನ್ನೆಗೆ ಒತ್ತಿಕೊಂಡೇ ಕೂತಿದ್ದರು, ಅಮ್ಮ ಮಾಡಿದ ಉಪ್ಪಿಟ್ಟು ಮುಟ್ಟದೆ ಬರೀ ಬಾಳೆಹಣ್ಣು ತಿಂದರು, ಖಾರ ಆಗುವುದಿಲ್ಲ ಎಂದರು.

ಡಾಕ್ಟರ ಮುಖ ಬದಲಾಯಿತು. “ಯಾವತ್ತಿಂದ ಆಗಲ್ಲವಂತೆ?”

ನಾನು ಕೇಳಿರಲಿಲ್ಲ. ಅತ್ತೆಯಾಗುವವರನ್ನು ಅಂಥದ್ದೆಲ್ಲ ಯಾರು ಕೇಳುತ್ತಾರೆ?

“ಅವರ ಬಾಯಿ ನೋಡಬೇಕು,” ಎಂದರು ಡಾಕ್ಟರು. “ಬೇಗ.”

ಆ ಕ್ಷಣಕ್ಕೆ ನನ್ನ ಚಿಂತೆಯ ತೂಕವೇ ಬೇರೆಯಾಯಿತು. ಅದುವರೆಗೆ ನನ್ನ ಮದುವೆ ಏನಾದೀತು ಎಂದು ಯೋಚಿಸುತ್ತಿದ್ದವಳಿಗೆ, ಒಬ್ಬ ಹೆಂಗಸಿನ ಜೀವ ನಾನೇ ಬರೆದ ಗೆರೆಗಳ ನಡುವೆ ಸಿಕ್ಕಿಕೊಂಡಿದೆಯೇನೋ ಎನ್ನಿಸಿತು. ಮನೆಗೆ ಬಂದು ಅಪ್ಪನ ಮುಂದೆ ನಿಂತು, ಸಂಬಂಧ ಬೇಡವೆಂದು ಹೇಳಿಕಳಿಸುವ ಮೊದಲು ನಾನು ಡಾಕ್ಟರ ಜೊತೆ ಒಮ್ಮೆ ಹೋಗಿಬರುತ್ತೇನೆ, ಮದುವೆಯ ವಿಷಯಕ್ಕಲ್ಲ, ಆ ತಾಯಿಯ ಬಾಯಿ ನೋಡುವುದಕ್ಕೆ ಎಂದೆ.

“ಓಗ್ಬಾ,” ಎಂದರು ಅಪ್ಪ. “ಕಾಯ್ಲೆ ಅಂದ್ಮೇಲೆ ಬ್ಯಾಡ ಅನ್ನಕ್ಕಾಯ್ತದಾ?”

ಭಾನುವಾರ ಮದ್ದೂರಿನಿಂದ ಮಳವಳ್ಳಿಗೆ ಬಸ್ಸು ಹಿಡಿದೆವು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ವೀಳ್ಯಕ್ಕೂ ಮೊದಲೇ ಹೆಣ್ಣು ತಾನಾಗಿ ಗಂಡಿನ ಮನೆಯ ಬಾಗಿಲಿಗೆ ಬಂದದ್ದನ್ನು ಆ ಬೀದಿ ಅದೇ ಮೊದಲು ಕಂಡಿರಬೇಕು. ಶಿವಣ್ಣ ಕೆಲಸದ ಮೇಲೆ ಹೋಗಿದ್ದ. ಕೆಂಪಮ್ಮ ಜಗಲಿಯಲ್ಲಿ ಹುರುಳಿಕಾಳು ಕೇರುತ್ತಿದ್ದವರು ಮೊರ ಕೆಳಗಿಟ್ಟು ಎದ್ದರು. ನಮ್ಮನ್ನು ಒಳಗೆ ಕೂರಿಸಿ, ಮಜ್ಜಿಗೆ ಕೊಟ್ಟು, ಎದುರಿಗೆ ಕೂತರು. ಡಾಕ್ಟರು ಬಂದ ಕಾರಣವನ್ನು ಮೆಲ್ಲಗೆ ತಿಳಿಸಿದರು.

ಕೆಂಪಮ್ಮ ನನ್ನನ್ನೇ ನೋಡುತ್ತ ನಕ್ಕರು. “ಎಣ್ಣು ನೋಡಕ್ಕೆ ನಾವ್ ಬಂದಿದ್ದೋ. ಈಗ ಅತ್ತೆ ನೋಡಕ್ಕೆ ನೀನ್ ಬಂದಿದ್ದೀಯಾ ಕಣವ್ವ?”

“ಹೂಂ ಅಮ್ಮ,” ಎಂದೆ.

“ನಂಗೇನಾಗದೆ? ಗಟ್ಟಿಯಾಗಿವ್ನಿ. ಬುಡಿ.”

“ಖಾರ ಯಾಕೆ ತಿನ್ನಲ್ಲ?” ಡಾಕ್ಟರು ಕೇಳಿದರು.

ಕೆಂಪಮ್ಮನ ಸೆರಗು ಕೆನ್ನೆಗೆ ಹೋಯಿತು. ಡಾಕ್ಟರು ಇನ್ನೂ ಏನೋ ಹೇಳುವುದರಲ್ಲಿದ್ದರು. ನಾನು ಕಣ್ಣಲ್ಲೇ ತಡೆದು, ಎದ್ದು ಹೋಗಿ ಕೆಂಪಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರು, ನನಗೆ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಹೇಳತೊಡಗಿದರು.

“ನಮ್ಮಕ್ಕ ಇಂಗೇ ಓಗ್ಬುಟ್ಲು ಕಣವ್ವ. ಮೊದ್ಲು ಕಾರ ತಿನ್ನಕ್ಕಾಗ್ನಿಲ್ಲ. ಆಮೇಲೆ ಹುಣ್ಣಾಯ್ತು. ಆಮೇಲೆ ಬಾಯೇ ತೆಗೆಯಕ್ಕಾಗ್ನಿಲ್ಲ. ಗಂಜಿ ಕುಡ್ಸಿ ಕುಡ್ಸಿ ಕಳಿಸ್ದೋ. ನನ್ ಬಾಯಲ್ಲೂ ಅದೇ ಉರಿ ಶುರುವಾದಾಗ ನಂಗೊತ್ತಾಯ್ತು.”

“ಶಿವಣ್ಣ ಅವರಿಗೆ ಹೇಳಿಲ್ವಾ?”

“ಏಳಿದ್ರೆ? ಊರಿಗೆಲ್ಲ ಗೊತ್ತಾಯ್ತದೆ. ತಾಯಿಗೆ ಕೆಟ್ಟ ಕಾಯ್ಲೆ ಅಂದ್ರೆ ಯಾರ್ ಎಣ್ಣು ಕೊಡ್ತಾರೆ? ನಿಮ್ಮಪ್ಪ ಕೊಡ್ತಿದ್ರಾ? ನೀನು ಮನೆಗೆ ಬಂದ್ಮೇಲೆ ಏನಾದ್ರೂ ಆಗ್ಲಿ ಅಂತಿದ್ದೆ.”

ಒಂದೇ ಮದುವೆ ನಿಂತುಹೋದೀತೆಂದು ಆ ತುದಿಯಲ್ಲಿ ಈಕೆ ಬಾಯಿ ಮುಚ್ಚಿಕೊಂಡು ಕೂತಿದ್ದರು, ಈ ತುದಿಯಲ್ಲಿ ನಾನು ಬಾಯಿ ಮಾಡಿಕೊಂಡು ಬಂದಿದ್ದೆ. ನಮ್ಮ ಭಾಷೆಯಲ್ಲಿ ಬಾಯಿ ಬಿಡುವುದೆಂದರೆ ಗುಟ್ಟು ಹೇಳುವುದು, ಬಾಯಿ ಕಟ್ಟುವುದೆಂದರೆ ತಿನ್ನುವ ಆಸೆಯನ್ನು ಹತ್ತಿಕ್ಕುವುದು, ಬಾಯಿ ಹಾಕುವುದೆಂದರೆ ಪರರ ಮಾತಿನಲ್ಲಿ ನುಗ್ಗುವುದು. ಇಷ್ಟೆಲ್ಲ ಅರ್ಥ ಹೊತ್ತ ಬಾಯನ್ನು ಒಬ್ಬ ಹೆಂಗಸು ಪರರ ಮುಂದೆ ಸುಮ್ಮನೆ ತೆರೆಯುವುದು ಹೇಗೆ ತಾನೇ ಸಾಧ್ಯ?

“ನಾನು ಬೇಡ ಅನ್ನೋಕೆ ಬಂದಿಲ್ಲ,” ಎಂದೆ. “ಬಾಯಲ್ಲಿ ಏನೇ ಇರಲಿ, ನಾನಂತೂ ಬೇಡ ಅನ್ನಲ್ಲ. ಈಗ ತೋರಿಸಿ.”

ಅವರು ನನ್ನ ಮುಖವನ್ನು ಅಳೆಯುವವರಂತೆ ನೋಡಿದರು. ಆಮೇಲೆ ಎದ್ದು, ಹಿತ್ತಲಿಗೆ ಹೋಗಿ ಬಾಯಿ ತೊಳೆದು ಬಂದು, ಬಾಗಿಲ ಬೆಳಕಿಗೆ ಮುಖವಿಟ್ಟು, ಕಣ್ಣು ಮುಚ್ಚಿಕೊಂಡು ಬಾಯಿ ತೆರೆದರು. ಡಾಕ್ಟರು ಪುಟ್ಟ ಕನ್ನಡಿಯಿಂದ ಕೆನ್ನೆಯನ್ನು ಸರಿಸಿ, ಟಾರ್ಚು ಹಾಕಿದರು. ನನಗೂ ಕಂಡಿತು. ಕೆಂಪು ಕೆನ್ನೆಯ ಒಳಬದಿಯಲ್ಲಿ ಅಂಕುಡೊಂಕು ಅಂಚಿನ ಒಂದು ಬಿಳಿಯ ಮಚ್ಚೆ. ಕಾಗದದ ಮೇಲೆ ಕಪ್ಪಿಗೆ ಹೆದರುವುದನ್ನು ಕಲಿತಿದ್ದ ನಾನು ಇಲ್ಲಿ ಬಿಳಿಗೆ ಹೆದರಿದೆ.

ಡಾಕ್ಟರು ಬೆರಳಿನಿಂದ ಮುಟ್ಟಿ, ಕತ್ತು ಒತ್ತಿ ನೋಡಿ, ಕನ್ನಡಿ ಒರೆಸಿಕೊಂಡು ಹೇಳಿದರು: “ಏನು ಅಂತ ಈಗಲೇ ಹೇಳೋಕಾಗಲ್ಲ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಚೂರು ಕತ್ತರಿಸಿ ಪರೀಕ್ಷೆ ಮಾಡಬೇಕು. ಆದರೆ ಅಕ್ಕ, ಇವತ್ತಿಂದ ಹೊಗೆಸೊಪ್ಪು ಮುಟ್ಟಬಾರದು.”

“ಎಲೆ ಅಡ್ಕೆ?”

“ಅಡಿಕೆಯನ್ನೂ ನಾನು ನಂಬಲ್ಲ. ಬಿಟ್ಟುಬಿಡಿ.”

“ಇನ್ನೇನ್ ಮಡಗೋದು ಬಾಯಲ್ಲಿ?”

“ಮಾತು,” ಎಂದರು ಡಾಕ್ಟರು. ಕೆಂಪಮ್ಮನಿಗೆ ಅಷ್ಟು ಭಯದಲ್ಲೂ ನಗು ಬಂತು.

ಶಿವಣ್ಣನಿಗೆ ವಿಷಯವನ್ನು ಅವನ ತಾಯಿಯೇ ಹೇಳಿದರಂತೆ. ಮುಂದಿನ ವಾರ ಅವನು ತಾಯಿಯನ್ನು ಮೈಸೂರಿಗೆ ಕರೆದೊಯ್ದ. ಡಾಕ್ಟರ ಪತ್ರ ಹಿಡಿದು ನಾನೂ ಹೋಗಿ ಸೇರಿಕೊಂಡೆ. ಕೆನ್ನೆಯೊಳಗಿನ ಚೂರು ತೆಗೆದರು, ಹೊಲಿಗೆ ಹಾಕಿದರು, ಫಲಿತಾಂಶಕ್ಕೆ ಕಾಯಿರಿ ಎಂದರು. ಕಾಯುವ ದಿನಗಳು ಹೇಗಿರುತ್ತವೆ ಎಂದು ಕಾದವರಿಗೆ ಹೇಳಬೇಕಾಗಿಲ್ಲ. ತರಗತಿಯಲ್ಲಿ ನಿಂತು ನದಿಗಳ ಹೆಸರು ಹೇಳುತ್ತಿದ್ದವಳು ಶಿಂಷೆಯ ಹೆಸರು ಬಂದಾಗ ನಿಂತುಬಿಡುತ್ತಿದ್ದೆ. ಹೊಗೆಸೊಪ್ಪು ಬಿಟ್ಟ ಕೆಂಪಮ್ಮನಿಗೆ ಕೈಕಾಲು ನಡುಗಿ, ಸಿಟ್ಟು ಬಂದು, ಸೊಸೆಯಾಗುವವಳನ್ನೂ ಡಾಕ್ಟರನ್ನೂ ಸೇರಿಸಿ ಬೈಯುತ್ತಿದ್ದರೆಂದು ಶಿವಣ್ಣ ಆಮೇಲೆ ಹೇಳಿದ. ಬೈದರು, ಆದರೆ ಮುಟ್ಟಲಿಲ್ಲ.

ಈ ನಡುವೆ ನಮ್ಮ ಮನೆಯಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಕೆಂಪಮ್ಮ ಯಾಕೆ ಬಾಯಿ ಮುಚ್ಚಿಕೊಂಡಿದ್ದರು ಎನ್ನುವುದನ್ನು ನಾನು ಅಮ್ಮನಿಗೆ ಹೇಳುತ್ತಿದ್ದಾಗ ಅಪ್ಪ ಜಗಲಿಯಲ್ಲಿ ಕೂತು ಕೇಳಿಸಿಕೊಂಡಿದ್ದರು. ಮಾರನೆಯ ದಿನ ಮಂಡ್ಯಕ್ಕೆ ಹೋಗಿ ವಿಮಲಾ ಡಾಕ್ಟರ ಮುಂದೆ ತಮ್ಮ ಬಾಯಿ ತೆರೆದು ಕೂತರಂತೆ. ಅಪ್ಪನೂ ಎಲೆಯೊಡನೆ ಹೊಗೆಸೊಪ್ಪು ಹಾಕುವವರೇ. ಎರಡು ಹಲ್ಲು ಹುಳುಕಾಗಿದ್ದದ್ದು ಬಿಟ್ಟರೆ ಮತ್ತೇನೂ ಇರಲಿಲ್ಲ. ಹಿಂದಿರುಗಿ ಬಂದು, ಅಂಗಿ ಕಳಚಿ ಗೂಟಕ್ಕೆ ಹಾಕುತ್ತ ಅಮ್ಮನಿಗೆ ಹೇಳಿದರು:

“ವೀಳ್ಯಕ್ಕೆ ದಿನ ಕೇಳಿ ಬಂದಿವ್ನಿ. ಅವ್ರಿಗೆ ಏಳಿ ಕಳ್ಸು.”

“ಮೈಸೂರಿಂದ ಏನೂ ಗೊತ್ತಾಗ್ಲಿಲ್ವಲ್ಲ ಇನ್ನೂ,” ಎಂದರು ಅಮ್ಮ.

“ಅದ್ಕೂ ಇದ್ಕೂ ಏನು ಸಂಬಂಧ? ನಮ್ ಎಣ್ಣು ಬೇಕು ಅಂತ ಆ ಎಣ್ಣೆಂಗ್ಸು ಉರಿ ನುಂಗ್ಕೊಂಡು ಕೂತವ್ಳೆ. ಅಂಥವ್ಳ ಮನೆಗೆ ಕೊಡ್ದೆ ಇನ್ಯಾರ ಮನೆಗೆ ಕೊಡನಾ?”

ನಾನು ಅಡಿಗೆಮನೆಯ ಕತ್ತಲಲ್ಲಿ ನಿಂತು ಇದನ್ನು ಕೇಳಿದೆ. ನಮ್ಮಪ್ಪ ದೊಡ್ಡ ಮಾತು ಆಡುವವರಲ್ಲ. ಆಡಿದ ಮೇಲೆ ಅದನ್ನು ಮರೆಸಲು ಎಮ್ಮೆಗೆ ಹುಲ್ಲು ಹಾಕಿಲ್ಲವೆಂದು ಗದರಿದರು. ಕಾಗದದ ಮೇಲೆ ಕಪ್ಪನ್ನು ಕಂಡು ಅಂಜಿದ ಮನುಷ್ಯ, ಅದರೊಳಗೆ ಒಂದು ಮುಖವಿದೆ ಎಂದು ತಿಳಿದ ಮೇಲೆ ಅಂಜಲಿಲ್ಲ. ನಕ್ಷೆ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಹೇಳುವುದನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಉಳಿದರ್ಧಕ್ಕೆ ಬಸ್ಸು ಹತ್ತಿ ಹೋಗಿ ಬಾಗಿಲು ತಟ್ಟಬೇಕು.

ಡಾಕ್ಟರು ಮಾಡಿದ್ದೂ ಅದನ್ನೇ. ಆ ನಕ್ಷೆಯನ್ನು ಅವರು ವೈದ್ಯರ ಒಂದು ಸಭೆಗೆ ಒಯ್ದರು, ಅಲ್ಲಿ ಕೆಲವರು ಮೆಚ್ಚಿದರು, ಕೆಲವರು ಒಬ್ಬ ಹಲ್ಲಿನ ಡಾಕ್ಟರು ಕೇಳಿ ತಿಳಿದದ್ದು ಇಷ್ಟು ದೊಡ್ಡ ಮಾತಿಗೆ ಸಾಲದೆಂದರು. ಅವರೇನೂ ಕುಗ್ಗಲಿಲ್ಲ. ಸಾಲದೆಂದವರ ಮಾತೂ ಸರಿಯೇ, ಇನ್ನಷ್ಟು ಕೇಳೋಣ ಎಂದು, ಬಿಡುವಾದಾಗಲೆಲ್ಲ ಆ ಮಚ್ಚೆಯ ಹಳ್ಳಿಗಳಿಗೆ ಟಾರ್ಚು ಹಿಡಿದು ಹೋಗತೊಡಗಿದರು. ಹೆಂಗಸರನ್ನು ಒಲಿಸಲು ಮುಂದೆ ಹೋಗುತ್ತಿದ್ದದ್ದು ನಮ್ಮತ್ತೆ. ‘ತೆಗಿಯವ್ವ ಬಾಯ, ನಾನೇ ತೆಗ್ದಿವ್ನಿ, ನಿಂದೇನು ದೊಡ್ಡದು’ ಎನ್ನುತ್ತಿದ್ದರು. ಅದಕ್ಕೆ ಎದುರು ಹೇಳುವವರು ಕಡಿಮೆ.

ಇರಲಿ, ಅದೆಲ್ಲ ಆಮೇಲಿನದು. ನನಗೆ ಹೇಳಬೇಕಾಗಿರುವುದು ಫಲಿತಾಂಶದ ದಿನ.

ಮೈಸೂರಿನ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ನಾವು ಮೂವರೂ ಬೆಂಚಿನ ಮೇಲೆ ಕೂತಿದ್ದೆವು. ಶಿವಣ್ಣ ಎದ್ದು ಓಡಾಡುತ್ತಿದ್ದ, ಮತ್ತೆ ಕೂರುತ್ತಿದ್ದ. ಕೆಂಪಮ್ಮ ಮಗನ ಮದುವೆಗೆಂದು ಎತ್ತಿಟ್ಟಿದ್ದ ಸೀರೆಯನ್ನೇ ಉಟ್ಟು ಬಂದಿದ್ದರು. ಯಾಕೆಂದು ನಾನು ಕೇಳಲಿಲ್ಲ. ಹೆಸರು ಕರೆದಾಗ ನನ್ನ ಕೈ ಹಿಡಿದುಕೊಂಡೇ ಒಳಗೆ ಬಂದರು. ವಯಸ್ಸಾದ ವೈದ್ಯರೊಬ್ಬರು ಕಾಗದ ನೋಡಿ, ಕನ್ನಡಕ ತೆಗೆದು, ನಿಧಾನವಾಗಿ ಹೇಳಿದರು.

“ಕ್ಯಾನ್ಸರ್ ಇಲ್ಲಮ್ಮ. ಆಗೋ ದಾರಿಯಲ್ಲಿತ್ತು, ಇನ್ನೂ ಆಗಿಲ್ಲ. ಹೊಗೆಸೊಪ್ಪು ಬಿಟ್ಟಿದ್ದೀರಂತೆ. ಹಾಗೇ ಇದ್ದರೆ ಆ ಬಿಳಿ ಮಚ್ಚೆ ಮಾಯಬಹುದು. ಆಗಾಗ ಬಂದು ತೋರಿಸ್ಕೊಂಡು ಹೋಗಿ.”

ಕೆಂಪಮ್ಮ ಮಗನ ಕಡೆ ತಿರುಗಿ, “ಏನಂದ್ರು?” ಎಂದರು. ಅವನು ಆಗಲೇ ಗೋಡೆಯ ಕಡೆ ಮುಖ ತಿರುಗಿಸಿದ್ದ. ನಾನೇ ಹೇಳಿದೆ: “ಏನೂ ಇಲ್ಲ ಅಂದ್ರು ಅತ್ತೆ.” ಅವರನ್ನು ಅತ್ತೆ ಎಂದು ಕರೆದದ್ದು ಅದೇ ಮೊದಲು. ಅವರದನ್ನು ಗಮನಿಸಿದರೋ ಇಲ್ಲವೋ. ತಲೆ ಆಡಿಸಿ, ವೈದ್ಯರಿಗೆ ಕೈ ಮುಗಿದು, ಹೊರಗೆ ಬಂದು ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತರು. ಶಿವಣ್ಣ ನೀರು ತರುತ್ತೇನೆಂದು ಹೋದವನು ಕಣ್ಣು ಒರೆಸಿಕೊಂಡು ಬರಿಗೈಯಲ್ಲಿ ಬಂದ.

ನಾನು ರೈಲಿಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಬನ್ನೂರಿನ ಮೇಲೆ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಅವರ ಜೊತೆಗೇ ಹತ್ತಿದೆ. ಅಲ್ಲಿಂದ ಮದ್ದೂರಿಗೆ ಬೇರೆ ಬಸ್ಸು ಸಿಗುತ್ತದೆ, ಸುತ್ತಾದರೆ ಆಗಲಿ ಎನ್ನಿಸಿತು. ಬಸ್ಸು ತುಂಬಿತ್ತು. ಶಿವಣ್ಣ ಕಂಬಿ ಹಿಡಿದು ನಿಂತ, ನಾವಿಬ್ಬರೂ ಕಿಟಕಿಯ ಪಕ್ಕ ಕೂತೆವು. ಆಚೆ ಗದ್ದೆಗಳ ಮೇಲೆ ಸಂಜೆಬಿಸಿಲು ಬಿದ್ದಿತ್ತು; ನಾಟಿ ಮುಗಿದ ಮಡಿಗಳಲ್ಲಿ ನೀರು ಹೊಳೆಯುತ್ತಿತ್ತು. ಎಷ್ಟು ದಿನಗಳಿಂದ ಸರಿಯಾಗಿ ಮಲಗಿರಲಿಲ್ಲವೋ, ಊರು ದಾಟುವಷ್ಟರಲ್ಲೇ ಅತ್ತೆಗೆ ನಿದ್ದೆ ಬಂತು. ತಲೆ ವಾಲಿ ವಾಲಿ ಕೊನೆಗೆ ನನ್ನ ಹೆಗಲ ಮೇಲೆ ನಿಂತಿತು. ಬಸ್ಸು ಗುಂಡಿಗೆ ಇಳಿದಾಗಲೂ ಎಚ್ಚರವಾಗಲಿಲ್ಲ. ನಿದ್ದೆಯಲ್ಲಿ ಅವರ ಬಾಯಿ ಮಗುವಿನದರಂತೆ ತುಸು ತೆರೆದುಕೊಂಡಿತ್ತು, ಮುಖದ ಮೇಲೆ ಬೆಳಕೂ ಸಾಕಷ್ಟಿತ್ತು. ನಾನು ಒಳಗೆ ನೋಡಲಿಲ್ಲ. ಗಾಳಿಗೆ ಹಾರುತ್ತಿದ್ದ ಅವರ ಸೆರಗನ್ನು ಎಳೆದು ಹೊದಿಸಿ, ಕಿಟಕಿಯ ಆಚೆಗೆ ಕಣ್ಣು ನೆಟ್ಟು ಕೂತೆ.